ಮಾವನವರ ಕಾರಿನ ಸೈಲೆನ್ಸರ್

ಕಾರಿನ ಬಗ್ಗೆ ನನ್ನ ತಿಳಿವಳಿಕೆ ಹತ್ತುವುದು, ಕೂರುವುದು, ಇಳಿಯುವುದು ಇಷ್ಟಕ್ಕೇ ಮುಗಿಯುತ್ತದೆ. ಇಳಿಯುವ ವಿಷಯದಲ್ಲಿ ಕೂಡ ನಾನು ಪೂರ್ತಿ ಪಳಗಿದವಳಲ್ಲ. ಬಾಗಿಲ ಹಿಡಿಯೆಂದು ತಿಳಿದು ಗಾಜು ಇಳಿಸುವ ಹಿಡಿಯನ್ನೇ ತಿರುಗಿಸುತ್ತ ಕುಳಿತದ್ದುಂಟು. ಹೀಗಿದ್ದೂ ಮೊನ್ನೆ ತಂಗಿಯ ಮಗ ಫೋನು ಮಾಡಿ ಕಾರಿನ ವಿಷಯದಲ್ಲಿ ನನ್ನ ಸಲಹೆ ಕೇಳಿದ. ಅವನದು ಬಹಳ ಓಡಿದ ಹಳೆಯ ಕಾರು. ಹೊಗೆಯ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯೊಂದಿರುತ್ತದಂತೆ. ಹೊಗೆಯ ವಿಷ ತಗ್ಗಿಸುವುದು ಅದರ ಕೆಲಸವಂತೆ. ಅದೀಗ ಕಟ್ಟಿಕೊಂಡು ಗಾಡಿ ಎಳೆಯುತ್ತಿಲ್ಲ, ಸುಮ್ಮನೆ ಕಿತ್ತು ಬಿಸಾಕೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾನೆ, ಏನು ಮಾಡಲಿ ದೊಡ್ಡಮ್ಮ, ಎಂದ.

“ಕೀಳಿಸಬೇಡ, ಹೊಸದು ಹಾಕಿಸು. ನಿನ್ನ ಹಿಂದೆ ಬರೋವ್ರೂ ಉಸಿರಾಡಬೇಕಲ್ಲಪ್ಪ” ಎಂದೆ. ದೊಡ್ಡಮ್ಮನಿಗೆ ಇಷ್ಟೆಲ್ಲ ತಿಳಿದಿದೆಯೇ ಎಂದು ಅವನು ಬೆರಗಾದ. ತಿಳಿದಿರಲಿಲ್ಲ. ಆದರೆ ಹಳೆಯ ಕಾರಿನ ಹೊಟ್ಟೆಯಡಿಯಿಂದ ಒಂದು ಡಬ್ಬಿಯನ್ನು ಕಳಚಿದರೆ ಏನೇನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಕಾರಿಗೆ ಆದದ್ದು ಕಡಿಮೆ. ನಮಗೆ ಆದದ್ದೇ ಹೆಚ್ಚು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಿ ಹಳೇಬೀಡಿಗೆ ಬಂದು ವರ್ಷ ತುಂಬಿತ್ತು. ನನ್ನ ತಂದೆ ಅರಸೀಕೆರೆಯಲ್ಲಿ ರೈಲ್ವೆ ನೌಕರರು. ನಾನು ಹುಟ್ಟಿ ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಮೆಲ್ಲಗೆ ಮಾತಾಡಿದರೆ ಮಾತಾಡಿದಂತೆಯೇ ಅಲ್ಲ. ಹಿತ್ತಲಿನಾಚೆ ಶಂಟಿಂಗ್ ಮಾಡುವ ಎಂಜಿನ್ನು ಕೂಗುತ್ತಿರುವಾಗ ಒಳಗೆ ಅಮ್ಮ “ಉಪ್ಪು ಸಾಕೇನೇ?” ಎಂದು ಕೂಗುತ್ತಿದ್ದಳು, ನಾನು “ಸಾಕು” ಎಂದು ಕೂಗುತ್ತಿದ್ದೆ. ನಮ್ಮ ಮನೆಯಲ್ಲಿ ಗುಟ್ಟು ಎಂಬುದಕ್ಕೆ ಜಾಗವೇ ಇರಲಿಲ್ಲ. ಇಂಥ ಗಂಟಲನ್ನು ಹೊತ್ತುಕೊಂಡು ನಾನು ಸೇರಿದ್ದು ಬಸದಿಯ ಹತ್ತಿರದ ಪದ್ಮರಾಜಯ್ಯನವರ ಮನೆಯನ್ನು.

ಪದ್ಮರಾಜಯ್ಯನವರು ನನ್ನ ಮಾವ. ಕೊಬ್ಬರಿ ವ್ಯಾಪಾರ, ಸ್ವಲ್ಪ ಜಮೀನು. ಅವರು ಮಾತಾಡಿದರೆ ಕೇಳುವವರು ಒಂದು ಹೆಜ್ಜೆ ಮುಂದೆ ಬಂದು ಕಿವಿ ಕೊಡಬೇಕಾಗಿತ್ತು. ಕೊಬ್ಬರಿ ಮಂಡಿಯಲ್ಲಿ ಎಲ್ಲರೂ ಕೂಗಾಡುವಾಗ ಇವರು ಪಿಸುಗುಟ್ಟುತ್ತಿದ್ದರಂತೆ. ಇವರು ಹೇಳಿದ ದರ ಕೇಳಲೆಂದೇ ಉಳಿದವರು ಸುಮ್ಮನಾಗುತ್ತಿದ್ದರಂತೆ. ನಮ್ಮ ಜೈನ ಧರ್ಮದಲ್ಲಿ ಮಾತಿನ ಸಂಯಮಕ್ಕೆ ದೊಡ್ಡ ಸ್ಥಾನವಿದೆ. ವಾಗ್ಗುಪ್ತಿ ಎಂದರೆ ಮಾತನ್ನು ತಡೆದುಕೊಳ್ಳುವುದು, ಭಾಷಾಸಮಿತಿ ಎಂದರೆ ಆಡಲೇಬೇಕಾದಾಗ ಯಾರಿಗೂ ನೋವಾಗದಂತೆ ಆಡುವುದು. ಇವೆಲ್ಲ ಮುನಿಗಳಿಗೆ ಹೇಳಿದ್ದು. ಮಾವನವರು ಸಂಸಾರದಲ್ಲಿದ್ದುಕೊಂಡೇ ಮೊದಲನೆಯದನ್ನು ಪೂರ್ತಿ ಸಾಧಿಸಿಬಿಟ್ಟಿದ್ದರಿಂದ ಎರಡನೆಯದು ಬೇಕಾಗುತ್ತಲೇ ಇರಲಿಲ್ಲ. ನಮ್ಮವರು ಅಪ್ಪನ ಪಡಿಯಚ್ಚು. ಅತ್ತೆಯವರೂ ಆ ಮನೆಗೆ ಬಂದು ಅದೇ ಅಳತೆಗೆ ಇಳಿದಿದ್ದರು. ನಾನು ಬಂದ ಹೊಸತರಲ್ಲಿ ಅಡಿಗೆಮನೆಯಿಂದ ನಮ್ಮವರನ್ನು ಊಟಕ್ಕೆ ಕರೆದದ್ದಕ್ಕೆ ಪಕ್ಕದ ಮನೆಯ ಮಗು ಬೆಚ್ಚಿಬಿದ್ದು ಅತ್ತಿತು. ಆಮೇಲೆ ನಾನೂ ನಡುಮನೆವರೆಗೆ ನಡೆದುಹೋಗಿ, ಹತ್ತಿರ ನಿಂತು, ಊಟಕ್ಕೆ ಕರೆಯುವುದನ್ನು ಕಲಿತೆ.

ಇಂಥ ಮನೆಯಲ್ಲಿ ಜಗಳಗಳಿರುವುದಿಲ್ಲ ಎಂದು ನೀವು ಅಂದುಕೊಳ್ಳಬಹುದು. ನಿಜ, ಇರಲಿಲ್ಲ. ತೀರ್ಮಾನಗಳೂ ಇರಲಿಲ್ಲ. ನಾನು ಮದುವೆಗೆ ಮುಂಚೆಯೇ ಬಿ.ಎಡ್. ಮುಗಿಸಿದ್ದೆ. ಅರ್ಜಿ ಹಾಕಿ ಮರೆತಿದ್ದ ಹೊತ್ತಿನಲ್ಲಿ ಗಂಡಸಿಯ ಹೈಸ್ಕೂಲಿನಲ್ಲಿ ಕೆಲಸವಾಗಿದೆ ಎಂದು ತಿಳಿಯಿತು. ಹಳೇಬೀಡಿನಿಂದ ದಿನಾ ಗಂಡಸಿಗೆ ಓಡಾಡುವುದು ಆಗದ ಮಾತು. ವಾರವಿಡೀ ಅರಸೀಕೆರೆಯ ತವರಿನಲ್ಲಿದ್ದು, ಅಲ್ಲಿಂದ ಬಸ್ಸಿನಲ್ಲಿ ಹೋಗಿಬಂದು, ಶನಿವಾರ ಹಳೇಬೀಡಿಗೆ ಬರಬೇಕು. ಮದುವೆಯಾದ ಹೆಣ್ಣು ವಾರಕ್ಕೆ ಐದು ದಿನ ತವರಿನಲ್ಲಿರುವುದೆಂದರೆ ಆ ಕಾಲಕ್ಕೆ ಬೀದಿಯೇ ಮಾತಾಡಿಕೊಳ್ಳುವ ವಿಷಯ. ನಮ್ಮವರನ್ನು ಕೇಳಿದೆ. “ನನಗೇನೂ ಇಲ್ಲ, ಅಮ್ಮ ಏನಂತಾಳೋ” ಎಂದರು. ಅತ್ತೆಯವರನ್ನು ಕೇಳಿದೆ. “ನಿಮ್ಮ ಮಾವ ಏನಂತಾರೋ” ಎಂದರು. ಮಾವನವರು ಪೇಪರಿನಿಂದ ತಲೆ ಎತ್ತಿ, “ನೋಡೋಣಮ್ಮ” ಎಂದರು. ಅವರ ಬಾಯಲ್ಲಿ ನೋಡೋಣ ಎಂದರೆ ಹೂಂ ಎಂದೂ ಅಲ್ಲ, ಊಹೂಂ ಎಂದೂ ಅಲ್ಲ. ಅದು ಬಾಗಿಲನ್ನು ತೆರೆಯದೆ, ಮುಚ್ಚದೆ, ಹಾಗೇ ಓರೆ ಮಾಡಿ ಇಡುವ ಕಲೆ. ಕೆಲಸಕ್ಕೆ ಸೇರಬೇಕಾದ ದಿನ ಹತ್ತಿರವಾಗುತ್ತಿತ್ತು. ತಪ್ಪಿದರೆ ಆ ಜಾಗ ಇನ್ನೊಬ್ಬರ ಪಾಲು. ನಾನು ಒಳಗೊಳಗೇ ಬೇಯುತ್ತ, ಪಾತ್ರೆಗಳನ್ನು ಸದ್ದಿಲ್ಲದೆ ಜೋಡಿಸುತ್ತ ದಿನ ತಳ್ಳುತ್ತಿದ್ದೆ.

ಕಾರು ಕೈಕೊಟ್ಟದ್ದು ಇದೇ ಹೊತ್ತಿನಲ್ಲಿ.

ಬೇಲೂರಿನಾಚೆಯ ಕಾಫಿ ತೋಟದ ಧಣಿಯೊಬ್ಬರು ಹೊಸ ಕಾರು ಕೊಂಡಾಗ ಮಾವನವರಿಗೆ ಬಿಟ್ಟುಕೊಟ್ಟ ಕಾರು ಅದು. ಒಂದು ಕಾಲಕ್ಕೆ ಕಪ್ಪಗಿತ್ತಂತೆ. ನಾನು ನೋಡುವ ಹೊತ್ತಿಗೆ ತೊಳೆದ ಹಲಗೆಯ ಬಣ್ಣ. ಎಷ್ಟು ಓಡಿತ್ತೆಂದರೆ, ಮೈಲಿ ತೋರಿಸುವ ಅಂಕಿಗಳೆಲ್ಲ ಒಂದು ಸುತ್ತು ಮುಗಿಸಿ, ಸೊನ್ನೆಗೆ ಬಂದು, ಮತ್ತೆ ಹೊಸದಾಗಿ ಎಣಿಸತೊಡಗಿದ್ದವು. ಮಾವನವರು ತಮಾಷೆ ಮಾಡುತ್ತಿದ್ದದ್ದು ಇದೊಂದು ವಿಷಯದಲ್ಲೇ. “ನೋಡಮ್ಮ, ಇನ್ನೂ ಎಳೇ ವಯಸ್ಸು ಇದಕ್ಕೆ” ಎಂದು ಆ ಅಂಕಿಗಳನ್ನು ತೋರಿಸುತ್ತಿದ್ದರು. ಆ ಎಳೆಯ ಕಾರು ಇತ್ತೀಚೆಗೆ ಸಣ್ಣ ಏರು ಬಂದರೂ ಏದುಸಿರು ಬಿಡುತ್ತಿತ್ತು. ಜಾವಗಲ್ಲಿನ ದಾರಿಯಲ್ಲಿ ಸೈಕಲ್ಲಿನವರು ಅದನ್ನು ಹಿಂದೆ ಹಾಕಿ, ತಿರುಗಿ ನೋಡಿ, ನಮಸ್ಕಾರ ಹೇಳಿ ಹೋಗುತ್ತಿದ್ದರು.

ಅರಸೀಕೆರೆಯ ಗೌಸ್ ಸಾಬರು ನಮ್ಮ ಕಾರಿನ ಖಾಯಂ ಮೆಕ್ಯಾನಿಕ್. ಅವರು ಕಾರಿನಡಿಯಲ್ಲಿ ಮಲಗಿ ತಟ್ಟಿ ನೋಡಿ, ಸೈಲೆನ್ಸರ್ ಬಿಚ್ಚಿ ಹೊರಗೆ ತಂದು ನೆಲಕ್ಕೆ ಕುಕ್ಕಿದರಂತೆ. ಅದರಿಂದ ತುಕ್ಕು, ಮಸಿ ಎಲ್ಲ ಮೊರದಷ್ಟು ಸುರಿಯಿತಂತೆ. “ಮೂಗು ಕಟ್ಕೊಂಡಿದೆ ಸಾರ್ ಇದಕ್ಕೆ. ಎಂಜಿನ್ ಉಸಿರು ಎಲ್ಲಿಂದ ಬಿಡತ್ತೆ?” ಎಂದರಂತೆ. ಬೆಂಗಳೂರಿನಿಂದ ಹೊಸದು ತರಿಸಬೇಕು, ಬರುವವರೆಗೆ ಬರೀ ಕೊಳವೆಯಲ್ಲೇ ಓಡಿಸಿ ಎಂದು ತೀರ್ಮಾನವಾಯಿತು. ಸದ್ದು ಬರುವುದಿಲ್ಲವೇ ಎಂದು ಮಾವನವರು ಕೇಳಿದಾಗ, “ಬರತ್ತೆ ಸಾರ್, ಸ್ವಲ್ಪ” ಎಂದರಂತೆ.

ಆ ಸಂಜೆ ನಾವು ಮನೆಯಲ್ಲಿ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಎಲೆ ಹಾಕುತ್ತಿದ್ದೆವು. ಎಲ್ಲೋ ಬಂಡೆ ಸಿಡಿಸುತ್ತಿರುವಂಥ ಸದ್ದು ಶುರುವಾಯಿತು. ಅದು ಹತ್ತಿರವಾಗುತ್ತ ಬಂದು, ಕೆರೆಯೇರಿಯ ಹತ್ತಿರ ಥಟ್ಟನೆ ನಿಂತಿತು. ಅದಾಗಿ ಬಹಳ ಹೊತ್ತಿನ ಮೇಲೆ ಕಾರು ಬೀದಿಯಲ್ಲಿ ಸದ್ದೇ ಇಲ್ಲದೆ ಕಾಣಿಸಿಕೊಂಡಿತು. ಮಾವನವರು ಒಳಗೆ ಚಕ್ರ ಹಿಡಿದು ಕೂತಿದ್ದರು. ಹಿಂದಿನಿಂದ ಊರಿನ ನಾಲ್ಕಾರು ಆಳುಗಳು ತಳ್ಳುತ್ತಿದ್ದರು. ಬಸದಿಯ ಮುಂದೆ ಅಂಥ ಸದ್ದು ಮಾಡಲು ಮಾವನವರಿಗೆ ಮನಸ್ಸಾಗಿರಲಿಲ್ಲ. ಬಸದಿಯ ಆ ನುಣುಪು ಕಂಬಗಳ ನಡುವೆ ನಿಂತರೆ ನಮ್ಮ ಉಸಿರೇ ನಮಗೆ ಕೇಳುವಂಥ ಮೌನ ಅಲ್ಲಿನದು. ಅಂದಿನಿಂದ ಅದೇ ಪದ್ಧತಿಯಾಯಿತು. ಹೊರಡುವಾಗ ಊರಾಚೆವರೆಗೆ ತಳ್ಳಿಸಿಕೊಂಡು ಹೋಗುವುದು, ಬರುವಾಗ ಕೆರೆಯೇರಿಯಿಂದ ತಳ್ಳಿಸಿಕೊಂಡು ಬರುವುದು. ತಳ್ಳುವವರಿಗೆ ಅದೊಂದು ಸಂಜೆಯ ಆಟ. “ಧಣೇರ ಕಾರು ಜಾವಗಲ್ ಬಿಟ್ಟೈತೆ ಕಣ್ಲಾ, ಎದ್ದೇಳಿ” ಎಂದು ಒಬ್ಬರನ್ನೊಬ್ಬರು ಕರೆದುಕೊಂಡು ಮುಂಚೆಯೇ ಏರಿಯ ಮೇಲೆ ಬಂದು ಕೂತಿರುತ್ತಿದ್ದರು. ಆದರೆ ಒಂದು ಮಾತು ಹೇಳಲೇಬೇಕು: ಕಾರು ಮಾತ್ರ ಏರುಗಳನ್ನು ಎಳೆಗರುವಿನಂತೆ ಹತ್ತುತ್ತಿತ್ತು.

ಆ ವಾರದಲ್ಲೇ ಅರಸೀಕೆರೆಯಲ್ಲಿ ನನ್ನ ಅಣ್ಣನ ಮಗುವಿಗೆ ನಾಮಕರಣ. ಅದರ ಮರುದಿನವೇ ನಾನು ಗಂಡಸಿಯಲ್ಲಿ ಕೆಲಸಕ್ಕೆ ಹಾಜರಾಗಬೇಕಾದ ದಿನ. ಯಾರೂ ಏನೂ ಹೇಳಿರಲಿಲ್ಲ. ನಾಮಕರಣಕ್ಕೆ ಉಡುವ ರೇಷ್ಮೆ ಸೀರೆಯ ಕೆಳಗೆ ಶಾಲೆಗೆ ಉಡುವಂಥ ನೂಲಿನ ಸೀರೆಗಳನ್ನು ಇಟ್ಟುಕೊಂಡೆ. ಇಡುವುದನ್ನು ಅತ್ತೆಯವರು ನೋಡಿದರು. ನಮ್ಮವರು ಕೊಬ್ಬರಿ ಅಂಗಡಿ ನೋಡಿಕೊಳ್ಳಲು ಊರಲ್ಲೇ ಉಳಿದರು. ಮಾವನವರು ಕಾರು ನಡೆಸುತ್ತಿದ್ದರು. ಅವರ ಪಕ್ಕದ ಸೀಟಿನಲ್ಲಿ ಹಣ್ಣಿನ ಬುಟ್ಟಿ, ತೊಟ್ಟಿಲಿನ ಸಾಮಾನು. ಹಿಂದೆ ನಾನು, ಅತ್ತೆಯವರು.

ಊರಾಚೆ ಎಂಜಿನ್ ಶುರುವಾದದ್ದೇ ನನಗೆ ತವರಿಗೆ ಬಂದಷ್ಟು ನೆಮ್ಮದಿಯಾಯಿತು. ಅತ್ತೆಯವರು ಮೊದಲು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಆಮೇಲೆ ನನಗೇನೋ ಹೇಳಿದರು, ಕೇಳಲಿಲ್ಲ. ಮತ್ತೆ ಹೇಳಿದರು. ನಾನು ತಲೆಯಾಡಿಸಿದೆ. ಮೂರನೆಯ ಸಲ ಅವರು ಕಿರುಚಿದರು.

“ಆ ನೂಲಿನ ಸೀರೆ ಯಾಕೆ ಇಟ್ಕೊಂಡೆ?”

ಆ ದನಿ ಅವರಿಗೇ ಹೊಸದು. ಗಾಬರಿಯಿಂದ ಮುಂದಿನ ಸೀಟಿನತ್ತ ನೋಡಿದರು. ಮಾವನವರು ರಸ್ತೆಯ ಮೇಲೆ ಕಣ್ಣಿಟ್ಟು ಅಲ್ಲಾಡದೆ ಕೂತಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ. ಇದು ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಒಂದೇ ಸೂರಿನಡಿ ಒಂದು ವರ್ಷ ಕಳೆದಿದ್ದ ನಾವಿಬ್ಬರು ಮೊದಲ ಬಾರಿಗೆ ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ ಕೂತಿದ್ದೆವು.

“ನಾಳೆ ಕೆಲಸಕ್ಕೆ ಹೋಗಬೇಕು ಅಂತ” ಎಂದು ನಾನೂ ಕಿರುಚಿದೆ. “ನೀವಂತೂ ಯಾರೂ ಏನೂ ಹೇಳಲ್ಲ. ಬೇಡ ಅಂತಾದ್ರೂ ಹೇಳಿ.”

“ಬೇಡ ಅಂತ ನಾನೆಲ್ಲಿ ಹೇಳ್ದೆ?”

“ಹೋಗು ಅಂತ ಎಲ್ಲಿ ಹೇಳಿದ್ರಿ?”

ಜಾವಗಲ್ ಬರುವ ಹೊತ್ತಿಗೆ ನಮ್ಮ ಜಗಳ ರಂಗೇರಿತ್ತು. ಒಂದು ವರ್ಷದ್ದು ಬಾಕಿಯಿತ್ತು ನೋಡಿ. ನಾನು ಸಾರಿಗೆ ಹುಳಿ ಹೆಚ್ಚು ಹಾಕುವುದು, ತಲೆಬಾಗಿಲಲ್ಲಿ ನಿಂತು ಕೂದಲು ಒಣಗಿಸುವುದು, ಯಾವುದನ್ನೂ ಅವರು ಬಿಡಲಿಲ್ಲ. ನಾನು ಮಾಡಿದ ಯಾವ ಅಡಿಗೆಯನ್ನೂ ಅವರು ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲವೆಂದು ನಾನು ಹೇಳಿದೆ. “ಎರಡು ಸಲ ಬಡಿಸ್ಕೊಂಡ್ರೆ ಚೆನ್ನಾಗಿದೆ ಅಂತ ಅಲ್ವೇನೇ?” ಎಂದು ಅವರು ಕೂಗಿದರು. ಊರೊಳಗೆ ಹಾಯುವಾಗ ರಸ್ತೆಯ ಎರಡೂ ಕಡೆ ಜನ ಕಿವಿ ಮುಚ್ಚಿಕೊಂಡು ನಿಂತು ನೋಡುತ್ತಿದ್ದರು. ಇಬ್ಬರು ಹೆಂಗಸರು ಕೈ ತಿರುಗಿಸುತ್ತ ಬಾಯಿ ಆಡಿಸುವುದು ಅವರಿಗೆ ಕಂಡಿರಬೇಕು.

ಜಾವಗಲ್ ದಾಟಿದ ಮೇಲೆ ಅತ್ತೆಯವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, “ನೀನು ಹೋದ್ರೆ ಆ ಮನೇಲಿ ನನಗೆ ಯಾರಿದ್ದಾರೆ?” ಎಂದರು. ಆ ಮಾತನ್ನೂ ಕೂಗಿಯೇ ಹೇಳಬೇಕಾಗಿತ್ತು. ಅಂಥ ಮಾತನ್ನು ಕೂಗಿ ಹೇಳುವುದು ಎಷ್ಟು ಕಷ್ಟವೆಂದು ಅವರ ಮುಖ ನೋಡಿದಾಗ ತಿಳಿಯಿತು.

“ನಾವು ಮಾತೇ ಆಡಲ್ವಲ್ಲ ಅತ್ತೆ.”

“ಮಾತಾಡದಿದ್ರೇನು, ಇರ್ತೀಯಲ್ಲ.”

ಅವರು ನನ್ನನ್ನು ಬೀದಿಯ ಜನರಿಗೆ ಹೆದರಿ ತಡೆಯುತ್ತಿದ್ದಾರೆಂದೇ ನಾನು ತಿಳಿದಿದ್ದೆ. ರೈಲ್ವೆ ಕ್ವಾರ್ಟರ್ಸಿನ ಗಂಟಲಿಗೂ ಕೆಲವೊಮ್ಮೆ ದನಿ ಹೊರಡುವುದಿಲ್ಲ. ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ; ಅದೀಗ ನನ್ನಿಂದ ಮುಂದಿನ ಸೀಟಿನ ಕಡೆ ತಿರುಗಿತ್ತು. ಮಾವನವರ ಬೆನ್ನನ್ನು ನೋಡುತ್ತ ಅವರು ಮದುವೆಯಾದಂದಿನಿಂದ ನಡೆದದ್ದನ್ನೆಲ್ಲ ಹೇಳತೊಡಗಿದರು. ಬಾಣಾವರದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೇಟಿನ ಮುಂದೆ ಗಾಡಿಯ ಎತ್ತುಗಳನ್ನು ಕಂಡು ಮಾವನವರು ಬೆದರಿಸಬಾರದೆಂದು ದೂರದಲ್ಲೇ ಎಂಜಿನ್ ಆರಿಸಿಬಿಟ್ಟರು. ಮಾತಿನ ಭರದಲ್ಲಿ ಅತ್ತೆಯವರಿಗೆ ಅದು ತಿಳಿಯಲಿಲ್ಲ.

“ಈ ಮನುಷ್ಯ ಒಂದು ದಿನವಾದ್ರೂ ನಿನಗೇನು ಬೇಕು ಅಂತ ನನ್ನ ಕೇಳಿದ್ದಿದೆಯೇನೇ?”

ಆ ಮಾತು ಎಂಜಿನ್ನಿನ ಸದ್ದಿಗೆ ತಕ್ಕಂತೆ ಹೊರಟಿತ್ತು. ಸದ್ದಿಲ್ಲದ ರಸ್ತೆಯ ಮೇಲೆ ಬಿತ್ತು. ಗಾಡಿಯವನು ತಿರುಗಿ ನೋಡಿದ. ಮುಂದೆ ನಿಂತಿದ್ದ ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ತಲೆಗಳು ಕಾಣಿಸಿಕೊಂಡವು. ಗೇಟು ಕಾಯುವವನು ಕೈಯಲ್ಲಿ ಹಸಿರು ಬಾವುಟ ಹಿಡಿದುಕೊಂಡೇ ನಮ್ಮ ಕಡೆ ನೋಡಿದ. ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಸೀಟಿನಲ್ಲಿ ಕುಸಿದರು. ನಾನು ನನ್ನ ಕಾಲಬೆರಳುಗಳನ್ನು ನೋಡುತ್ತ ಕೂತೆ.

ಗೂಡ್ಸ್ ರೈಲು ಬಂತು. ಉದ್ದನೆಯ ರೈಲು; ಅದರ ಡಬ್ಬಿಗಳೆಲ್ಲ ನಿಧಾನವಾಗಿ ಹಾದುಹೋಗುವವರೆಗೂ ಮಾವನವರು ಚಕ್ರ ಹಿಡಿದು ನೇರ ನೋಡುತ್ತಿದ್ದರು. ಗೇಟು ತೆರೆಯಿತು. ಗಾಡಿ, ಬಸ್ಸು ಎಲ್ಲ ದಾಟಿದವು. ನಮ್ಮ ಕಾರು ಮಾತ್ರ ಹೊರಡಲಿಲ್ಲ. ಮಾವನವರು ಹಿಂದಕ್ಕೆ ತಿರುಗಿದರು. ಅವರು ಹಾಗೆ ಅತ್ತೆಯವರ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

“ಕೇಳಿಲ್ಲ” ಎಂದರು. “ನೀನು ಸುಮ್ಮನಿದ್ರೆ ಸರಿಯಾಗಿದೆ ಅಂತ ಅಂದ್ಕೋತಿದ್ದೆ.”

ಅತ್ತೆಯವರು ಸೆರಗನ್ನು ಬಾಯಿಂದ ತೆಗೆಯಲಿಲ್ಲ.

“ಈಗ ಕೇಳ್ತೀನಿ. ಇವಳು ಕೆಲಸಕ್ಕೆ ಹೋಗೋದು ನಿನಗೆ ಬೇಡವಾ?”

“ಹೋಗಲಿ” ಎಂದರು ಅತ್ತೆಯವರು, ಸೆರಗಿನ ಒಳಗಿನಿಂದಲೇ. “ಓದಿದಾಳೆ, ಹೋಗಲಿ. ಆದ್ರೆ ನಾನು ಒಬ್ಬಳೇ ಆ ಮನೇಲಿ ಕೂತಿರಕ್ಕೆ ಆಗಲ್ಲ.”

ಮಾವನವರು ಯೋಚಿಸಿದರು. ಈಗ ‘ನೋಡೋಣ’ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. “ಮಂಡಿಗೆ ಅಂತ ನಾನು ವಾರವಾರ ಅರಸೀಕೆರೆಗೆ ಬರ್ತೀನಲ್ಲ, ನೀನೂ ಬಾ. ಇವಳು ಶಾಲೆಯಿಂದ ಬಂದ ಮೇಲೆ ಸ್ವಲ್ಪ ಹೊತ್ತು ಜೊತೆ ಇದ್ದು, ಆಮೇಲೆ ನಾವಿಬ್ಬರೂ ಹೋಗೋಣ” ಎಂದರು. ಅಷ್ಟು ಉದ್ದದ ಮಾತು ಆಡಿ ಆಯಾಸವಾದವರಂತೆ ತಿರುಗಿ ಎಂಜಿನ್ ಶುರುಮಾಡಿದರು. ಅಲ್ಲಿಂದ ಅರಸೀಕೆರೆಯವರೆಗೆ ಹಿಂದಿನ ಸೀಟಿನಲ್ಲಿ ಯಾರೂ ಕೂಗಲಿಲ್ಲ.

ಮರುದಿನ ನಾನು ನೂಲಿನ ಸೀರೆ ಉಟ್ಟು ಗಂಡಸಿಯ ಬಸ್ಸು ಹತ್ತಿದೆ. ನನ್ನ ಗಂಟಲು ಕೊನೆಗೂ ಯೋಗ್ಯ ಜಾಗ ಸೇರಿತು. ಕೊನೇ ಬೆಂಚಿನವರಿಗೂ ನಿದ್ದೆ ಮಾಡಲಾಗುತ್ತಿರಲಿಲ್ಲ. ಮಾವನವರು ಹೇಳಿದಂತೆ ಅತ್ತೆಯವರು ವಾರವಾರ ಬರತೊಡಗಿದರು. ಈಗ ಅವರ ಜಾಗ ಮುಂದಿನ ಸೀಟು. ಬಂದಿಳಿದಾಗ ಅವರ ದನಿ ಸ್ವಲ್ಪ ಒಡೆದಿರುತ್ತಿತ್ತು, ಮುಖದಲ್ಲಿ ಏನೋ ಕಳೆ. ಸ್ವಲ್ಪ ದಿನದಲ್ಲಿ ಮಾವನವರ ದನಿಯೂ ಒಡೆಯತೊಡಗಿತು. ದಾರಿಯುದ್ದಕ್ಕೂ ಏನು ಮಾತಾಡುತ್ತಿದ್ದರೋ ನಾನು ಕೇಳಲಿಲ್ಲ. ಹೊಸ ಸೈಲೆನ್ಸರ್ ಬಂದಿದೆ ಎಂದು ಗೌಸ್ ಸಾಬರು ಹೇಳಿಕಳಿಸಿದರೆ, “ಇನ್ನೊಂದು ವಾರ ಆಗಲಿ, ಏನವಸರ” ಎಂದು ಅತ್ತೆಯವರೇ ಮುಂದೂಡಿದರು. ಮಾವನವರೂ ಹೂಂಗುಟ್ಟಿದರು.

ಹೀಗೇ ನಡೆಯುತ್ತಿತ್ತೇನೋ. ಒಂದು ದಿನ ಮಾವನವರು ಗೆಂಡೆಹಳ್ಳಿಯ ಕಡೆ ಹೋಗಿದ್ದರು. ತಿರುವಿನಲ್ಲಿ ಎದುರಾದ ಒಂದು ಗಾಡಿಯ ಎತ್ತುಗಳು ಕಾರಿನ ಸದ್ದಿಗೆ ಬೆದರಿ, ಗಾಡಿಯನ್ನು ಚರಂಡಿಗೆ ಎಳೆದುಬಿಟ್ಟವು. ಗಾಡಿಯ ಮುದುಕನಿಗೆ ಏನೂ ಆಗಲಿಲ್ಲ. ಒಂದು ಎತ್ತಿನ ಮೊಣಕಾಲು ತರಚಿತ್ತು. ಮಾವನವರು ಇಳಿದು, ಪಂಚೆ ಎತ್ತಿ ಕಟ್ಟಿ, ಗಾಡಿಗೆ ಹೆಗಲು ಕೊಟ್ಟು ಮೇಲೆತ್ತಿಸಿದರು. “ಬಿಡಿ ಸ್ವಾಮಿ, ಅದು ಮೊದ್ಲಿಂದ್ಲೂ ಪುಕ್ಲು ಎತ್ತು” ಎಂದು ಮುದುಕನೇ ಸಮಾಧಾನ ಹೇಳಿದನಂತೆ. ಮಾವನವರು ಎತ್ತಿನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತರಂತೆ. ಬಹಳ ಹೊತ್ತಿನವರೆಗೂ ಅದರ ನಡುಕ ನಿಲ್ಲಲಿಲ್ಲವಂತೆ. ಮನೆಗೆ ಬಂದು ಅತ್ತೆಯವರಿಗೆ ಇಷ್ಟೇ ಹೇಳಿದರು: “ನಮಗೆ ಅನುಕೂಲ ಆಯ್ತು ಅಂತ ಆ ಮೂಕಪ್ರಾಣಿ ನಡುಗಬೇಕಾ?” ಅತ್ತೆಯವರು ಬೇಡ ಎಂದು ತಲೆಯಾಡಿಸಿದರು. ಆ ವಾರವೇ ಗೌಸ್ ಸಾಬರು ಹೊಸ ಸೈಲೆನ್ಸರ್ ಜೋಡಿಸಿದರು.

ಅಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದ ನಾನೂ ಅತ್ತೆ ಮಾವನವರ ಜೊತೆ ಹಳೇಬೀಡಿಗೆ ಹೊರಟೆ. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ. ಕಾರು ಬೆಕ್ಕಿನಂತೆ ಗುರುಗುಟ್ಟುತ್ತ ಓಡುತ್ತಿತ್ತು. ಗಾಳಿಯ ಸದ್ದು, ಟೈರಿನ ಸದ್ದು, ಅತ್ತೆಯವರ ಬಳೆಯ ಸದ್ದು ಕೂಡ ಕೇಳುತ್ತಿತ್ತು. ಮುಂದೆ ಕೂತ ಇಬ್ಬರೂ ಅವತ್ತೇ ಪರಿಚಯವಾದವರಂತೆ ಮುದುಡಿ ಕೂತಿದ್ದರು. ಬಾಣಾವರ ದಾಟಿದರೂ ಒಂದು ಮಾತಿಲ್ಲ. ಎಲ್ಲ ಮೊದಲಿನಂತೆಯೇ ಆಗಿಹೋಯಿತಲ್ಲ ಎಂದುಕೊಂಡೆ. ಏನಾದರೂ ನೆಪ ತೆಗೆದು ನಾನೇ ಮಾತು ಶುರುಮಾಡಲೇ ಎಂದು ಯೋಚಿಸುತ್ತಿದ್ದೆ.

ಒಂದು ತೋಟದ ಪಕ್ಕ, ರಸ್ತೆಯ ಬದಿಯಲ್ಲಿ ಎಳನೀರು ಗುಡ್ಡೆ ಹಾಕಿಕೊಂಡು ಒಬ್ಬಾಕೆ ಕೂತಿದ್ದಳು. ಅತ್ತೆಯವರು ಅದನ್ನು ನೋಡಿ, ಮಾವನವರ ಕಡೆ ತಿರುಗದೆ, ಬಹಳ ಮೆತ್ತಗೆ, ನನಗೆ ಅರ್ಧಂಬರ್ಧ ಕೇಳುವಷ್ಟು ಮೆತ್ತಗೆ ಹೇಳಿದರು:

“ಒಂದು ಎಳನೀರು ಕುಡಿಬಹುದಾಗಿತ್ತು.”

ಕಾರು ನಿಂತಿತು. ಮಾವನವರು ಇಳಿದರು. ಮಾರುವಾಕೆ ಮಚ್ಚು ಕೈಗೆತ್ತಿಕೊಂಡು, “ನೀರಿಂದೋ ಗಂಜಿದೋ ಬುದ್ದಿ?” ಎಂದಳು. ಆಯುಷ್ಯವನ್ನೆಲ್ಲ ತೆಂಗಿನಕಾಯಿಯ ನಡುವೆಯೇ ಕಳೆದ ಮಾವನವರು, ಕಾಯನ್ನು ತಟ್ಟಿ ಒಳಗಿರುವುದನ್ನು ಹೇಳಬಲ್ಲವರು, “ನೀರಿಂದೇ ಕೊ...” ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಎರಡು ಹೆಜ್ಜೆ ಹಿಂದೆ ಬಂದು, ಕಿಟಕಿಯ ಹತ್ತಿರ ಬಗ್ಗಿ, ಅತ್ತೆಯವರನ್ನು ಕೇಳಿದರು.

“ನಿನಗೆ ಯಾವುದಿಷ್ಟ?”

ಅದು ಅತ್ತೆಯವರನ್ನು ಯಾರೂ ಕೇಳಿರದ ಪ್ರಶ್ನೆ. ಅವರೇ ಯೋಚಿಸಿ ನೋಡಬೇಕಾಗಿತ್ತು. ಮಾವನವರು ಬಗ್ಗಿ ನಿಂತೇ ಕಾದರು, ಅವಸರವಿಲ್ಲದೆ.

“ಗಂಜಿದು” ಎಂದರು ಅತ್ತೆಯವರು ಕೊನೆಗೆ. “ತೆಳ್ಳಗಿರಲಿ.”